ರೋಡಿಗೂ ಟ್ರ್ಯಾಕಿಗೂ ಒಂದೇ ಗಾಡಿ ಇದ್ರೆ ಟಾರ್ಕ್ ಕನ್ವರ್ಟರ್ ಯಾವ್ದು ಹಾಕಿಸ್ಬೇಕು

ಟಾರ್ಕ್ ಕನ್ವರ್ಟರ್ ಅಂದ್ರೆ ಆಟೋಮ್ಯಾಟಿಕ್ ಗಾಡೀಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂತು, ಆಯಿಲ್ ಮೂಲಕ ಶಕ್ತಿ ದಾಟಿಸೋ ಭಾಗ. ನಮ್ ಹೊಸೂರಲ್ಲಿ ವಾರವೆಲ್ಲ ಅತ್ತಿಬೆಲೆ ಟ್ರಾಫಿಕ್ಕಲ್ಲಿ ಓಡಿಸಿ, ಟ್ರ್ಯಾಕ್ ಡೇ ಬಂದ್ರೆ ಅದೇ ಆಟೋಮ್ಯಾಟಿಕ್ ಗಾಡೀಲಿ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೆ ಹೊರಡೋ ಹುಡುಗ್ರು ಮೊದ್ಲು ಕೇಳೋದು "ಅಣ್ಣ, ಎಷ್ಟು ಸ್ಟಾಲ್ ಹಾಕಿಸ್ಲಿ" ಅಂತ. ನಾನು ತಿರುಗಿ ಕೇಳೋದು ಡೈನೋ ಶೀಟ್ (ಇಂಜಿನ್ ಟಾರ್ಕ್ ಅಳೆದ ರಿಪೋರ್ಟು) ಇದ್ಯಾ ಅಂತ. ಇಂಜಿನ್ ಯಾವ ಆರ್‌ಪಿಎಂಗೆ ಎಷ್ಟು ಟಾರ್ಕ್ ಕೊಡ್ತಿದೆ ಅಂತ ಗೊತ್ತಿಲ್ದೆ ಕನ್ವರ್ಟರ್ ಆರ್ಡರ್ ಮಾಡ್ಲೇಬೇಡಿ.

ಗೇರ್‌ಬಾಕ್ಸ್ ಯಾವ್ದು ಅನ್ನೋದೂ ನೋಡ್ಕೊಳಿ. 2022ರಲ್ಲಿ ಫೋಕ್ಸ್‌ವ್ಯಾಗನ್ ವರ್ಟಸ್ ಬಂದಾಗ 1.0 ಟಿಎಸ್ಐಗೆ 6 ಸ್ಪೀಡ್ ಟಾರ್ಕ್ ಕನ್ವರ್ಟರ್ ಇತ್ತು, 1.5ಗೆ ಡಿಎಸ್‌ಜಿ, ಅಂದ್ರೆ ಎರಡು ಕ್ಲಚ್ಚಿನ ಗೇರ್‌ಬಾಕ್ಸು, ಅದ್ರಲ್ಲಿ ಕನ್ವರ್ಟರ್ರೇ ಇರಲ್ಲ.

ಸ್ಟಾಲ್ ಅಂದ್ರೆ ಗಾಡಿ ಡ್ರೈವಲ್ಲಿ ನಿಂತಿರೋವಾಗ, ಕನ್ವರ್ಟರ್ ಒಳಗೆ ಗೇರ್‌ಬಾಕ್ಸ್ ತಿರುಗಿಸೋ ಟರ್ಬೈನ್ ತಿರುಗ್ದೇ ಇರೋವಾಗ ಫುಲ್ ಥ್ರಾಟಲ್ ಕೊಟ್ರೆ ಇಂಜಿನ್ ಎಲ್ಲಿವರೆಗೆ ಏರಿ ನಿಲ್ಲುತ್ತೋ ಆ ಆರ್‌ಪಿಎಂ. ಇದು ಕನ್ವರ್ಟರಿಗೆ ಅಂಟ್ಕೊಂಡಿರೋ ನಂಬರ್ ಅಲ್ಲ, ಇಂಜಿನ್ ಟಾರ್ಕ್ ಬದಲಾದ್ರೆ ಇದೂ ಬದಲಾಗುತ್ತೆ, ಹೆಚ್ಚುಕಮ್ಮಿ ಟಾರ್ಕಿನ ವರ್ಗಮೂಲದ ಲೆಕ್ಕದಲ್ಲಿ. 250 ಎನ್ಎಂಗೆ 2400ರಲ್ಲಿ ಸ್ಟಾಲ್ ಆಗ್ತಿದ್ದ ಕನ್ವರ್ಟರು ಟ್ಯೂನ್ ಆದ್ಮೇಲೆ 360 ಎನ್ಎಂ ಸಿಕ್ಕಿದ್ರೆ 2880ಕ್ಕೆ ಹೋಗುತ್ತೆ, ಏನೂ ಬದಲಾಯಿಸ್ದೇನೇ. ಆದ್ರೆ ಆ ಟಾರ್ಕ್ ಸ್ಟಾಲ್ ಆಗೋ ಜಾಗದಲ್ಲೇ ಸಿಗ್ಬೇಕು, 4500ರಲ್ಲಿ ಸಿಗೋ ಪೀಕ್ ಈ ಲೆಕ್ಕಕ್ಕೆ ಬರಲ್ಲ. ನಮ್ ಕಡೆಯವ್ರು ಇನ್ನೊಂದು ಗಮನಿಸ್ಬೇಕು, ಹೊಸೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇರುಂಗಾಟ್ಟುಕೋಟೈ ಚೆನ್ನೈ ಪಕ್ಕದ ಬಯಲು. ಟರ್ಬೊ ಇಲ್ದಿರೋ ಇಂಜಿನ್ ಅಲ್ಲಿ ಹೆಚ್ಚು ಗಾಳಿ ಎಳ್ಕೊಂಡು ಸ್ವಲ್ಪ ಜಾಸ್ತಿ ಟಾರ್ಕ್ ಕೊಡುತ್ತೆ, ಹಾಗಾಗಿ ಸ್ಟಾಲ್ ಕೂಡ ಇಲ್ಲಿಗಿಂತ ಒಂಚೂರು ಮೇಲೆ ಕಾಣುತ್ತೆ.

ಈಗ ನಂಬರ್ ವಿಷ್ಯ. ಅದೇ ವರ್ಟಸ್ 1.0 ತಗೊಳಿ, 178 ಎನ್ಎಂ ಪೂರ್ತಿ 1750ಕ್ಕೇ ಬಂದ್ಬಿಡುತ್ತೆ, ಅಂಥ ಇಂಜಿನ್ನಿಗೆ 3000 ಸ್ಟಾಲ್ ಹಾಕಿಸಿದ್ರೆ ಸಿಗೋದು ಬಿಸಿ ಮತ್ತೆ ಪೆಟ್ರೋಲ್ ಖರ್ಚು ಅಷ್ಟೇ. ದೊಡ್ಡ ಟರ್ಬೊ ಹಾಕಿಸಿ ಬೂಸ್ಟು 3000 ದಾಟಿದ್ಮೇಲೆ ಬರ್ತಿದ್ರೆ, ಇಲ್ಲಾ ದೊಡ್ಡ ಕ್ಯಾಮ್ (ವಾಲ್ವ್ ತೆರೆಯೋ ಶಾಫ್ಟು) ಹಾಕಿ ಕೆಳಗೆ ಉಸಿರೇ ಇಲ್ಲ ಅಂದ್ರೆ, ಆಗ ಇಂಜಿನ್ ಜೀವ ಬರೋ ಜಾಗಕ್ಕೆ ತಲುಪಿಸೋಷ್ಟು ಸ್ಟಾಲ್ ಬೇಕು, ಅದಕ್ಕಿಂತ ಮೇಲೆ ಬೇಡ.

ಸರ್ಕ್ಯೂಟಲ್ಲಿ ಓಡ್ಸೋರಿಗೆ ಇದನ್ನ ಒತ್ತಿ ಹೇಳ್ತೀನಿ. ಎರಡನೇ ಗೇರ್ 2.1, ಮೂರನೇದು 1.4 ಅಂತ ಇಟ್ಕೊಳಿ, 6500ಕ್ಕೆ ಶಿಫ್ಟ್ ಮಾಡಿದ್ರೆ ಇಂಜಿನ್ ಇಳಿಯೋದು 4300 ಹತ್ರಕ್ಕೆ. ಅಂದ್ರೆ ಲ್ಯಾಪ್ ಪೂರ್ತಿ ಗೇರೇ ನಿಮ್ಮನ್ನ ಪವರ್ ಇರೋ ಜಾಗದಲ್ಲಿ ಇಡ್ತಿದೆ, ಹೈ ಸ್ಟಾಲ್ ಕೆಲಸಕ್ಕೆ ಬರೋದು ನಿಂತಲ್ಲಿಂದ ಹೊರಡೋವಾಗ ಮಾತ್ರ. ಡ್ರ್ಯಾಗ್ ಮಾಡೋರಿಗೆ ಅದೇ ಮುಖ್ಯ, ಸರಿ. ನಿಮಗೆ ಬೇಕಿರೋದು ಗಟ್ಟಿ ಲಾಕಪ್ ಕ್ಲಚ್. ಲಾಕ್ ಆದ್ರೆ ಇಂಜಿನ್ನೂ ಗೇರ್‌ಬಾಕ್ಸೂ ನೇರ ಜೋಡಣೆ, ಸ್ಲಿಪ್ ಇಲ್ಲ, ಬಿಸಿ ಇಲ್ಲ, ಥ್ರಾಟಲ್ ಒತ್ತಿದ ತಕ್ಷಣ ಗಾಡಿ ಕೇಳುತ್ತೆ. ಸ್ಟಾಕ್ ಲಾಕಪ್ಪು ಸ್ಟಾಕ್ ಟಾರ್ಕಿಗೆ ಮಾಡಿರೋದು, ಫುಲ್ ಥ್ರಾಟಲಲ್ಲಿ ಲಾಕ್ ಮಾಡಿ ಓಡ್ಸೋದಾದ್ರೆ ಒಂದಕ್ಕಿಂತ ಹೆಚ್ಚು ಪ್ಲೇಟ್ ಇರೋ ಮಲ್ಟಿ ಪ್ಲೇಟ್ ಲಾಕಪ್ ಕೇಳಿ. ಸ್ಟಾಲ್ 300 ಕಮ್ಮಿ ಆದ್ರೂ ಪರವಾಗಿಲ್ಲ, ದುಡ್ಡನ್ನ ಇಲ್ಲಿ ಹಾಕಿ.

ಬಿಲ್ಡರ್ ಹತ್ರ ಮಾತಾಡೋವಾಗ ಡೈನೋ ಶೀಟ್ ಜೊತೆ ಡ್ರೈವರ್ ಸೇರಿಸಿ ಗಾಡಿ ತೂಕ, ಟೈರ್ ಸೈಜು, ಫೈನಲ್ ಡ್ರೈವ್ (ಗೇರ್‌ಬಾಕ್ಸಿಂದ ಚಕ್ರಕ್ಕೆ ಹೋಗೋ ಕೊನೇ ಗೇರಿನ ರೇಶಿಯೋ), ರೆಡ್‌ಲೈನ್ ಕೊಡಿ. ಹೈವೇಲಿ 100ಕ್ಕೆ ಎಷ್ಟು ಆರ್‌ಪಿಎಂ ಅನ್ನೋದನ್ನೂ ಹೇಳಿ. 205/55 ಆರ್16 ಟೈರು 100 ಕಿಮೀ ಸ್ಪೀಡಲ್ಲಿ ನಿಮಿಷಕ್ಕೆ ಸುಮಾರು 840 ಸುತ್ತು ತಿರುಗುತ್ತೆ, ಅದನ್ನ ಫೈನಲ್ ಡ್ರೈವ್ ಮತ್ತೆ ಟಾಪ್ ಗೇರ್ ರೇಶಿಯೋದಿಂದ ಗುಣಿಸಿದ್ರೆ ಆಯ್ತು. ಕ್ರೂಸಿಂಗ್ 2000, ಸ್ಟಾಲ್ 3200 ಇದ್ದು ಲಾಕಪ್ ಇಲ್ದೆ ಇದ್ರೆ ಕೃಷ್ಣಗಿರಿಯಿಂದ ಶೂಲಗಿರಿ ಕಡೆ ಏರು ಹತ್ತೋವಾಗ ಆಯಿಲ್ ಕಾಯ್ತಾನೇ ಇರುತ್ತೆ. ಕನ್ವರ್ಟರ್ ಒಳಗಿನ ಫಿನ್ನುಗಳು ಫರ್ನೇಸ್ ಬ್ರೇಜಿಂಗ್ ಆಗಿವೆಯಾ (ಕುಲುಮೆಯಲ್ಲಿ ಕಾಯಿಸಿ ಬೆಸೆದಿದ್ದಾರಾ), ಒಳಗೆ ವಾಶರ್ ಬದಲು ನೀಡಲ್ ಬೇರಿಂಗ್ ಇದೆಯಾ, ಹೈ ಆರ್‌ಪಿಎಂನಲ್ಲಿ ಶೆಲ್ ಉಬ್ಬದ ಹಾಗೆ ಪ್ಲೇಟ್ ಹಾಕಿದ್ದಾರಾ ಅಂತ ಕೇಳಿ, ಉಬ್ಬಿದ ಕನ್ವರ್ಟರು ಕ್ರ್ಯಾಂಕಿನ ಥ್ರಸ್ಟ್ ಬೇರಿಂಗನ್ನೇ ತಿಂದುಹಾಕುತ್ತೆ.

ಗೇರ್‌ಬಾಕ್ಸ್ ಆಯಿಲ್ ಕೂಲರ್ ಇಲ್ದೆ ಟ್ರ್ಯಾಕಿಗೆ ಇಳೀಬೇಡಿ. ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲು) 80ರಿಂದ 95 ಡಿಗ್ರಿ ಒಳಗಿದ್ರೆ ನೆಮ್ಮದಿ, 120 ಮುಟ್ಟಿದ್ರೆ ಆ ಲ್ಯಾಪನ್ನ ಅಲ್ಲಿಗೇ ನಿಧಾನ ಮಾಡಿ ಒಳಗೆ ಬನ್ನಿ. ಟೆಂಪರೇಚರ್ ಗೇಜ್ ಹಾಕ್ಸಿ, ಇಲ್ಲಾ ಒಬಿಡಿಯಲ್ಲಿ (ಗಾಡಿಯ ಡಯಾಗ್ನೋಸ್ಟಿಕ್ ಪೋರ್ಟಲ್ಲಿ) ನೋಡಿ. ಟಿಸಿಯು (ಗೇರ್‌ಬಾಕ್ಸಿನ ಕಂಪ್ಯೂಟರು) ಟ್ಯೂನ್ ಕೂಡ ಬೇಕು, ಯಾಕಂದ್ರೆ ಕಂಪ್ಯೂಟರು ಹಳೇ ಕನ್ವರ್ಟರಿನ ಸ್ಲಿಪ್ಪನ್ನೇ ನಿರೀಕ್ಷೆ ಮಾಡ್ತಾ ಇರುತ್ತೆ, ಹೊಂದದೆ ಹೋದ್ರೆ ಪಿ0741 ಥರ ಲಾಕಪ್ ಎರರ್ ಕೋಡ್ ಬರ್ಬಹುದು.

ಫಿಟ್ಟಿಂಗ್ ದಿನ ಶೆಡ್ಡಲ್ಲಿ ನೀವೇ ನಿಂತಿರಿ. ಹಾಕೋಕೆ ಮುಂಚೆ ಕನ್ವರ್ಟರ್ ಒಳಗೆ ಒಂದು ಲೀಟರ್ ಹತ್ರ ಎಟಿಎಫ್ ಹುಯ್ಯಿಸಿ. ತಿರುಗಿಸ್ತಾ ಒಳಗೆ ತಳ್ಳೋವಾಗ ಶಾಫ್ಟು, ಸ್ಟೇಟರು, ಪಂಪು ಒಂದೊಂದಾಗಿ ಕೂತ್ಕೊಳ್ಳುತ್ತೆ. ಗೇರ್‌ಬಾಕ್ಸ್ ಬೋಲ್ಟ್ ಆದ್ಮೇಲೆ ಕನ್ವರ್ಟರಿಗೂ ಇಂಜಿನ್ ಕಡೆಯ ಫ್ಲೆಕ್ಸ್‌ಪ್ಲೇಟಿಗೂ ನಡುವೆ ಗ್ಯಾಪ್ ಇರ್ಬೇಕು, ಸಾಮಾನ್ಯವಾಗಿ 3ರಿಂದ 5 ಎಂಎಂ, ನಿಮ್ ಬಾಕ್ಸಿಗೆ ಎಷ್ಟು ಅಂತ ಬಿಲ್ಡರ್ ಕೊಟ್ಟ ಅಳತೆಗೆ ಹೋಲಿಸಿ. ಗ್ಯಾಪೇ ಇಲ್ಲ ಅಂದ್ರೆ ಪಂಪಿನಲ್ಲಿ ಕೂತಿಲ್ಲ, ಬೋಲ್ಟ್ ಎಳೆದು ಕೂರಿಸೋಕೆ ಹೋದ್ರೆ ಪಂಪ್ ಒಡೆಯುತ್ತೆ, ಬಿಚ್ಚಿಸಿ ಮತ್ತೆ ಹಾಕಿಸಿ.