ಹಾರ್ನ್ ಹೊಡೆಯೋರ ಮಧ್ಯೆ ತಲೆ ಕೆಡಿಸ್ಕೊಳ್ದೆ ಗಾಡಿ ಓಡ್ಸೋದು ಹೇಗೆ

ಬೆಂಗ್ಳೂರಲ್ಲಿ ಸಿಗ್ನಲ್ ಟೈಮರ್‌ನಲ್ಲಿ ಇನ್ನೂ 5 ಸೆಕೆಂಡ್ ಇರುವಾಗ್ಲೇ ಹಿಂದಿನವ್ರು ಪೀಂ ಪೀಂ ಶುರು ಹಚ್ಕೋತಾರೆ. ಗಾಬರಿಯಾಗಿ ಗಾಡಿ ಎತ್ಬೇಡಿ, ಗೇರ್ ಹಾಕಿ ರೆಡಿ ಇರಿ ಅಷ್ಟೇ, ಹಸಿರು ಬಂದ್ಮೇಲೂ ಒಂದ್ಸಲ ಎಡ ಬಲ ನೋಡಿ ಯಾಕಂದ್ರೆ ಕೆಂಪು ಬಿದ್ಮೇಲೂ ನುಗ್ಗೋನೊಬ್ಬ ಇದ್ದೇ ಇರ್ತಾನೆ.

ಹೆಬ್ಬಾಳ ಫ್ಲೈಓವರ್ ಹತ್ರ ಲೇನ್ ಸೇರೋ ಜಾಗ್ದಲ್ಲಿ ಆ ಕಡೆಯಿಂದ ಒಂದು ಈ ಕಡೆಯಿಂದ ಒಂದು ಅಂತ ಬಿಟ್ರೆ ಎಲ್ರೂ ಹೋಗ್ಬಹುದು, ಆದ್ರೆ ನಾವು ಮುಂದಿನ ಗಾಡಿ ಬಂಪರ್‌ಗೆ ಅಂಟ್ಕೊಂಡೇ ನಿಲ್ತೀವಿ, ಬಿಟ್ರೆ ಏನು ಆಸ್ತಿ ಹೋಗುತ್ತೋ! ಒಬ್ರಿಗೆ ದಾರಿ ಬಿಡಿ, ನಿಮಗೆ ಯಾರಾದ್ರೂ ಬಿಟ್ರೆ ಕೈ ಎತ್ತಿ ಥ್ಯಾಂಕ್ಸ್ ಹೇಳಿ. ಜಾಮ್ ಇದ್ದಾಗ ಆಚೆ ಕಡೆ ಜಾಗ ಇದ್ರೆ ಮಾತ್ರ ಜಂಕ್ಷನ್ ದಾಟಿ, ಇಲ್ಲಾಂದ್ರೆ ನಾಲ್ಕೂ ಕಡೆ ಲಾಕ್.

ರಾತ್ರಿ ಎದುರು ಗಾಡಿ ಬಂದ್ರೆ ಡಿಮ್ ಮಾಡಿ.

ಆಂಬುಲೆನ್ಸ್ ಸೈರನ್ ಕೇಳಿದ್ರೆ ಇಂಡಿಕೇಟರ್ ಹಾಕಿ ಎಡಕ್ಕೆ ಸರೀರಿ, ಅದರ ಬಾಲ ಹಿಡ್ಕೊಂಡು ಹೋಗೋ ಬುದ್ಧಿವಂತಿಕೆ ಬೇಡ. ದಾರಿ ಬಿಡ್ದೇ ಇದ್ರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಇಲ್ಲಾ ಎರಡೂ ಅಂತಿದೆ.

ಯಾರಾದ್ರೂ ಅಡ್ಡ ಹಾಕಿ ಜಗಳಕ್ಕೆ ಬಂದ್ರೆ ಗ್ಲಾಸ್ ಇಳಿಸ್ಬೇಡಿ, ಡೋರ್ ಲಾಕ್ ಮಾಡಿ, ಗಾಡಿ ನಂಬರ್ ನೋಡ್ಕೊಂಡು 112ಗೆ ಫೋನ್ ಮಾಡಿ.