ಸೆಲ್ಫ್ ಎಳೆಯದ ಹಳೆಯ ಕಾರು: ದಾರಿಯಲ್ಲಿ ಸೋರುತ್ತಿದ್ದ ವೋಲ್ಟೇಜನ್ನು ನಾನು ಪತ್ತೆ ಮಾಡಿದ ಬಗೆ

ಹಳೆಯ ಕಾರಿನ ಸೆಲ್ಫ್ ಸರಿಯಾಗಿ ತಿರುಗದಿದ್ದರೆ ಮೊದಲು ಬ್ಯಾಟರಿಯನ್ನೂ, ಅದರಿಂದಲೂ ಸರಿಹೋಗದಿದ್ದರೆ ಸ್ಟಾರ್ಟರ್ ಮೋಟಾರನ್ನೂ ಬದಲಾಯಿಸಿಬಿಡುವುದು ರೂಢಿ. ನನ್ನ ಕಾರ್ಬ್ಯುರೇಟರ್ ಕಾಲದ ಪೆಟ್ರೋಲ್ ಕಾರಿನಲ್ಲಿ ಈ ಎರಡೂ ಚೆನ್ನಾಗಿಯೇ ಇದ್ದವು. ದೋಷವಿದ್ದದ್ದು ಅವೆರಡರ ನಡುವಿನ ದಾರಿಯಲ್ಲಿ. ತಣ್ಣಗಿದ್ದಾಗ ಎಂಜಿನ್ ಎಳೆದೆಳೆದು ತಿರುಗಿ ಹೇಗೋ ಸ್ಟಾರ್ಟ್ ಆಗುತ್ತಿತ್ತು. ಆದರೆ ದೂರ ಓಡಿಸಿ ನಿಲ್ಲಿಸಿ, ಬಿಸಿ ಆರುವ ಮೊದಲೇ ಮತ್ತೆ ಕೀ ತಿರುಗಿಸಿದರೆ ‘ಟಕ್’ ಎಂಬ ಒಂದೇ ಸದ್ದು ಕೇಳಿಸಿ, ಮುಂದೆ ಏನೂ ಆಗುತ್ತಿರಲಿಲ್ಲ.

ಈ ಸದ್ದನ್ನು ಗಮನವಿಟ್ಟು ಕೇಳಿದರೆ ಅರ್ಧ ಕೆಲಸ ಮುಗಿದಂತೆ. ಟಕಟಕ ಎಂದು ಒಂದೇ ಸಮನೆ ಬಡಿದುಕೊಂಡರೆ ಸಾಮಾನ್ಯವಾಗಿ ಬ್ಯಾಟರಿ ಸೋತಿದೆ ಎಂದರ್ಥ: ಸೊಲೆನಾಯ್ಡ್ (ಸ್ಟಾರ್ಟರ್ ಮೋಟಾರಿಗೆ ಭಾರಿ ಕರೆಂಟ್ ಜೋಡಿಸುವ ವಿದ್ಯುತ್ಕಾಂತ ಸ್ವಿಚ್) ಒಳಕ್ಕೆ ಎಳೆದುಕೊಂಡ ಕ್ಷಣವೇ ಮೋಟಾರ್ ಭಾರಿ ಕರೆಂಟ್ ಕೇಳುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಸೊಲೆನಾಯ್ಡ್ ಹಿಡಿತ ಬಿಡುತ್ತದೆ, ವೋಲ್ಟೇಜ್ ಚೇತರಿಸಿಕೊಂಡೊಡನೆ ಮತ್ತೆ ಎಳೆದುಕೊಳ್ಳುತ್ತದೆ. ಒಂದೇ ಟಕ್ ಎಂದು ನಿಂತರೆ, ಸೊಲೆನಾಯ್ಡಿಗೆ ಪೂರ್ತಿ ಎಳೆದುಕೊಳ್ಳುವಷ್ಟು ಶಕ್ತಿ ಸಿಗುತ್ತಿಲ್ಲ, ಇಲ್ಲವೇ ಅದರ ಒಳಗಿನ ತಾಮ್ರದ ಕಾಂಟ್ಯಾಕ್ಟ್‌ಗಳು ಸವೆದಿವೆ, ಇಲ್ಲವೇ ಮೋಟಾರೇ ಹಿಡಿದುಕೊಂಡಿದೆ.

ಅಳತೆಗೆ ಮೊದಲು ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಸೆಲ್ಫ್ ಹೊಡೆದರೂ ಎಂಜಿನ್ ಸ್ಟಾರ್ಟ್ ಆಗದಂತೆ, ಸ್ಪಾರ್ಕಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್‌ನ ಪಾಸಿಟಿವ್ ತಂತಿಯನ್ನು ಕಳಚಿ ಇನ್ಸುಲೇಷನ್ ಟೇಪ್ ಸುತ್ತಿದೆ. ರಾತ್ರಿಯಿಡೀ ನಿಂತಿದ್ದ ಬ್ಯಾಟರಿ 12.6 ವೋಲ್ಟ್ ತೋರಿಸಿತು. ಲೆಡ್ ಆ್ಯಸಿಡ್ ಬ್ಯಾಟರಿಗೆ ಇದು ಪೂರ್ತಿ ಚಾರ್ಜ್. ಅದೇ 12.2ಕ್ಕೆ ಇಳಿದಿದ್ದರೆ ಸುಮಾರು ಅರ್ಧ ಖಾಲಿ. ಸಹಾಯಕ್ಕೆ ಬಂದವರು ಕೀ ತಿರುಗಿಸಿದಾಗ ಬ್ಯಾಟರಿಯ ಕಂಬಗಳ ಮೇಲೆ 11.3 ವೋಲ್ಟ್ ಉಳಿದಿತ್ತು. ಸೆಲ್ಫ್ ಎಳೆಯುವಾಗ 9.6ಕ್ಕಿಂತ ಕೆಳಗಿಳಿಯುವ ಬ್ಯಾಟರಿಯನ್ನು ಸಂಶಯಿಸಬೇಕು ನಿಜ, ಆದರೆ ಇಷ್ಟು ಮೇಲೆಯೇ ನಿಂತುಕೊಂಡು ಎಂಜಿನ್ ಮಾತ್ರ ನಿಧಾನ ತಿರುಗುತ್ತಿದೆಯೆಂದರೆ, ಮೋಟಾರಿಗೆ ಹೋಗಬೇಕಾದ ಕರೆಂಟನ್ನು ದಾರಿಯಲ್ಲಿ ಯಾವುದೋ ರೋಧ ತಡೆಯುತ್ತಿದೆ ಎಂದು ತಿಳಿಯಬೇಕು.

ಇಲ್ಲಿ ಅನೇಕರು ಮಲ್ಟಿಮೀಟರನ್ನು ಕಂಟಿನ್ಯುಟಿಗೆ (ತಂತಿ ಕಡಿದಿಲ್ಲದಿದ್ದರೆ ಬೀಪ್ ಮಾಡುವ ಶ್ರೇಣಿಗೆ) ತಿರುಗಿಸಿ, ಬೀಪ್ ಬಂತು, ಕೇಬಲ್ ಸರಿಯಿದೆ ಎಂದು ತೀರ್ಮಾನಿಸುತ್ತಾರೆ. ಈ ಪರೀಕ್ಷೆಯನ್ನು ಸ್ಟಾರ್ಟರ್ ಕೇಬಲ್‌ಗಳ ವಿಷಯದಲ್ಲಿ ನಂಬಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೀಟರ್ ಹರಿಸುವುದು ಮಿಲಿಆಂಪಿಯರ್‌ಗಳಷ್ಟು ಕರೆಂಟ್. ಸ್ಟಾರ್ಟರ್ ಕೇಳುವುದು ನೂರಾರು ಆಂಪಿಯರ್. ಎಳೆಗಳು ಸವೆದ ಹಗ್ಗ ಭಾರ ಬೀಳುವವರೆಗೂ ಗಟ್ಟಿಯಾಗಿಯೇ ಕಾಣುವಂತೆ, ನಾಲ್ಕಾರು ತಾಮ್ರದ ಎಳೆಗಳು ಮಾತ್ರ ಉಳಿದಿರುವ ಕೇಬಲ್ ಕೂಡ ಬೀಪ್ ಮಾಡುತ್ತದೆ. 150 ಆಂಪಿಯರ್ ಹರಿಯುವಾಗ ಓಮ್‌ನ ನೂರನೆಯ ಒಂದು ಭಾಗದಷ್ಟು ರೋಧವೂ ಒಂದೂವರೆ ವೋಲ್ಟನ್ನು ನುಂಗಿಬಿಡುತ್ತದೆ, ಮತ್ತು ಅಷ್ಟು ಸಣ್ಣ ರೋಧವನ್ನು ಸಾಮಾನ್ಯ ಮೀಟರಿನ ಓಮ್ ಶ್ರೇಣಿ ನಂಬುವಂತೆ ತೋರಿಸಲಾರದು. ಆದ್ದರಿಂದ ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು; ವೋಲ್ಟೇಜ್ ಡ್ರಾಪ್ ಪರೀಕ್ಷೆ ಎನ್ನುವುದು ಇದನ್ನೇ.

ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಒಂದು ಮೊನೆಯನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೂ ಇನ್ನೊಂದನ್ನು ಸ್ಟಾರ್ಟರಿನ ದಪ್ಪ ಕೇಬಲ್ ಕೂರುವ ಬೋಲ್ಟಿಗೂ ತಾಗಿಸಿ ಸೆಲ್ಫ್ ಹೊಡೆಸಿದೆ: 0.3 ವೋಲ್ಟ್. ಈ ಬದಿಯಲ್ಲಿ ಅರ್ಧ ವೋಲ್ಟಿನೊಳಗೆ ಇದ್ದರೆ ಚಿಂತೆಯಿಲ್ಲ. ಬಳಿಕ ನೆಗೆಟಿವ್ ಕಂಬದಿಂದ ಸ್ಟಾರ್ಟರಿನ ಲೋಹದ ಮೈಗೆ ಹಿಡಿದಾಗ 1.6 ವೋಲ್ಟ್ ಬಂತು. ಅರ್ತ್ ಬದಿಯಲ್ಲಿ, ಅಂದರೆ ಕರೆಂಟ್ ಲೋಹದ ಮೈಯ ಮೂಲಕ ಬ್ಯಾಟರಿಗೆ ಮರಳುವ ದಾರಿಯಲ್ಲಿ, 0.2ಕ್ಕಿಂತ ಹೆಚ್ಚು ಇರಬಾರದು. ಮೀಟರಿನ ಒಂದು ಮೊನೆಯನ್ನು ನೆಗೆಟಿವ್ ಕಂಬದ ಮೇಲೆಯೇ ಇರಿಸಿ, ಇನ್ನೊಂದನ್ನು ಹಂತಹಂತವಾಗಿ ಸರಿಸುತ್ತಾ ಹೋದೆ. ಕಂಬದಿಂದ ಕ್ಲ್ಯಾಂಪಿಗೆ ಏನೂ ಇಲ್ಲ, ಕಾರಿನ ಬಾಡಿಗೆ ತಲುಪುವಾಗ 0.1, ಅಲ್ಲಿಂದ ಎಂಜಿನ್ ಬ್ಲಾಕಿಗೆ ದಾಟಿದೊಡನೆ ಉಳಿದದ್ದೆಲ್ಲ. ಎಂಜಿನ್ ಕೂರುವುದು ರಬ್ಬರ್ ಮೌಂಟಿಂಗ್‌ಗಳ ಮೇಲಾದ್ದರಿಂದ ಬಾಡಿಗೂ ಎಂಜಿನ್ನಿಗೂ ನಡುವೆ ವಿದ್ಯುತ್ ಸಂಪರ್ಕ ಕೊಡುವುದು ಒಂದು ಹೆಣೆದ ತಾಮ್ರದ ಪಟ್ಟಿ ಮಾತ್ರ. ಅದು ಕೆಟ್ಟರೆ ಕರೆಂಟ್ ಕ್ಲಚ್ ಕೇಬಲ್, ಆ್ಯಕ್ಸಿಲರೇಟರ್ ಕೇಬಲ್‌ಗಳಂಥ ಅಡ್ಡದಾರಿ ಹಿಡಿಯುತ್ತದೆ. ಸೆಲ್ಫ್ ಹೊಡೆದಾಗ ಆ ಕೇಬಲ್‌ಗಳು ಬಿಸಿಯಾಗುವುದು ಇದರ ಸ್ಪಷ್ಟ ಸುಳಿವು.

ಪಟ್ಟಿಯನ್ನು ಬಿಚ್ಚಿದಾಗ ಮೇಲ್ಮೈ ತಕ್ಕಮಟ್ಟಿಗೆ ಚೆನ್ನಾಗಿಯೇ ಕಂಡಿತು. ಆದರೆ ಲಗ್ (ಬೋಲ್ಟಿಗೆ ಕೂರುವ ತುದಿಯ ಲೋಹದ ಬಳೆ) ಹತ್ತಿರ ಬಗ್ಗಿಸಿದೊಡನೆ ಹಸಿರು ಪುಡಿ ಉದುರಿ, ಎಳೆಗಳು ಬೆರಳಿನಲ್ಲೇ ಮುರಿದವು. ಬಾಡಿಯ ಬದಿಯ ಬೋಲ್ಟಿನ ಕೆಳಗೆ ತುಕ್ಕು, ಅದರ ಸುತ್ತ ಬಣ್ಣದ ಪದರ. 25 ಚದರ ಮಿಲಿಮೀಟರಿನ ಹೊಸ ಕೇಬಲ್ಲಿಗೆ ಲಗ್‌ಗಳನ್ನು ಒತ್ತಿಸಿ, ಎರಡೂ ಕಡೆ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಬಿಗಿಯಾಗಿ ಕೂರಿಸಿ, ಆಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಇಂಥ ಕೆಲಸಕ್ಕೆ ಬ್ಯಾಟರಿಯ ನೆಗೆಟಿವ್ ಕ್ಲ್ಯಾಂಪನ್ನು ಮೊದಲು ಕಳಚಿ ಕೊನೆಗೆ ಜೋಡಿಸಬೇಕು. ಆಗ ಪಾಸಿಟಿವ್ ಬದಿಯಲ್ಲಿ ಸ್ಪ್ಯಾನರ್ ಜಾರಿ ಬಾಡಿಗೆ ತಗುಲಿದರೂ ಶಾರ್ಟ್ ಆಗುವುದಿಲ್ಲ. ಮತ್ತೆ ಅಳೆದಾಗ ಅರ್ತ್ ಬದಿಯ ಡ್ರಾಪ್ 0.15ಕ್ಕೆ ಇಳಿದಿತ್ತು, ಎಂಜಿನ್ ತಿರುಗುವ ವೇಗ ಕಿವಿಗೇ ಗೊತ್ತಾಗುವಷ್ಟು ಹೆಚ್ಚಿತ್ತು.

ಬಿಸಿಯಿರುವಾಗಿನ ಟಕ್ ಕಡಿಮೆಯಾಯಿತೇ ಹೊರತು ಪೂರ್ತಿ ಹೋಗಲಿಲ್ಲ. ಬಿಸಿ ಎಂಜಿನ್ನಿನಲ್ಲಿ, ಕೀ ಸ್ಟಾರ್ಟ್ ಸ್ಥಾನದಲ್ಲಿರುವಾಗ ಸೊಲೆನಾಯ್ಡಿನ 50 ಎಂಬ ಗುರುತಿನ ಟರ್ಮಿನಲ್ ಅಳೆದರೆ 8 ವೋಲ್ಟ್ ಆಸುಪಾಸು ಮಾತ್ರ ಸಿಕ್ಕಿತು. ಸೊಲೆನಾಯ್ಡಿನ ಎಳೆಯುವ ಸುರುಳಿ ಕ್ಷಣಕಾಲ ಹತ್ತಾರು ಆಂಪಿಯರ್ ಕೇಳುತ್ತದೆ; ಹಳೆಯ ಕಾರುಗಳಲ್ಲಿ ಅದಷ್ಟೂ ಇಗ್ನಿಷನ್ ಸ್ವಿಚ್ಚಿನ ಸವೆದ ಕಾಂಟ್ಯಾಕ್ಟ್‌ಗಳ ಮೂಲಕವೇ ಹಾದುಬರಬೇಕು. ಸುರುಳಿ ಬಿಸಿಯಾದಾಗ ಅದರ ರೋಧವೂ ಏರುವುದರಿಂದ ಸೆಳೆತ ಇನ್ನಷ್ಟು ಕುಗ್ಗುತ್ತದೆ. ಪರಿಹಾರವಾಗಿ ನಾಲ್ಕು ಪಿನ್ನಿನ, 40 ಆಂಪಿಯರಿನ ರಿಲೇ (ಅಲ್ಪ ಕರೆಂಟಿನಿಂದ ದೊಡ್ಡ ಕರೆಂಟನ್ನು ಜೋಡಿಸುವ ಸ್ವಿಚ್) ಹಾಕಿದೆ. ಸ್ವಿಚ್ಚಿನಿಂದ ಬರುವ ಹಳೆಯ ತಂತಿ ರಿಲೇಯ 86 ಎಂಬ ಗುರುತಿನ ಪಿನ್ನಿಗೆ, 85 ಅರ್ತಿಗೆ, ಬ್ಯಾಟರಿ ಪಾಸಿಟಿವ್‌ನಿಂದ ಫ್ಯೂಸ್ ಮೂಲಕ ದಪ್ಪ ತಂತಿ 30ಕ್ಕೆ, 87ರಿಂದ ಸೊಲೆನಾಯ್ಡಿಗೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಈಗ ಸ್ವಿಚ್ ಹೊರುವುದು ರಿಲೇ ಸುರುಳಿಯ ಅಲ್ಪ ಕರೆಂಟನ್ನು ಮಾತ್ರ.

ಈ ಕೆಲಸದ ಇನ್ನೊಂದು ಫಲ ಸ್ಪಾರ್ಕಿನಲ್ಲಿ ಕಂಡಿತು. ಎಂಜಿನ್ನಿನ ಮೈಯೇ ಕಾಂಟ್ಯಾಕ್ಟ್ ಬ್ರೇಕರಿಗೂ (ಕಾಯಿಲಿನ ಕರೆಂಟನ್ನು ಕಡಿದು ಸ್ಪಾರ್ಕ್ ಹುಟ್ಟಿಸುವ ಸ್ವಿಚ್ಚಿಗೂ) ಅರ್ತ್ ಆದ್ದರಿಂದ, ಆ ಪಟ್ಟಿಯಲ್ಲಿ ಕಳೆದುಹೋಗುತ್ತಿದ್ದ ವೋಲ್ಟೇಜ್ ಸೆಲ್ಫ್ ಎಳೆಯುವ ಹೊತ್ತಿನಲ್ಲಿ ಇಗ್ನಿಷನ್ ಕಾಯಿಲಿಗೂ ದಕ್ಕುತ್ತಿರಲಿಲ್ಲ. ಈಗ ತಣ್ಣಗಿದ್ದಾಗಲೂ ಎಂಜಿನ್ ಬೇಗನೆ ಹತ್ತಿಕೊಳ್ಳುತ್ತದೆ. ಕೊನೆಯಲ್ಲಿ ಎಂಜಿನ್ ಓಡುತ್ತಿರುವಾಗ ಚಾರ್ಜಿಂಗ್ ನೋಡಿದೆ: 14.1 ವೋಲ್ಟ್, ಹೆಡ್‌ಲೈಟ್ ಹಾಕಿದಾಗ 13.9. ಎಲ್ಲ ಅಳತೆಗಳನ್ನೂ ಒಂದು ಚೀಟಿಯಲ್ಲಿ ಬರೆದು ಸರ್ವಿಸ್ ಪುಸ್ತಕದೊಳಗೆ ಇಟ್ಟಿದ್ದೇನೆ. ಮುಂದೆ ಸೆಲ್ಫ್ ಮತ್ತೆ ಭಾರವಾದರೆ ಹೋಲಿಸಿ ನೋಡಲು ಅವು ಬೇಕಾಗುತ್ತವೆ.