ಅದೇ ಬಸ್ಸಾರು, ಅಳತೆ ಬೇರೆ

ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ, ಅಂದರೆ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಅಂಕಿ, 6.2 ಅಂತ ಬಂದಾಗ ನನಗೆ 44 ವರ್ಷ. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. 5.7ರಿಂದ 6.4ರವರೆಗೆ ಅದರ ಹೊಸ್ತಿಲು. ಡಾಕ್ಟರು ಮಾತ್ರೆ ಬರೆಯಲಿಲ್ಲ. ‘ಊಟ ನೋಡ್ಕೊಳ್ಳಿ, ಮೂರು ತಿಂಗಳು ಬಿಟ್ಟು ಬನ್ನಿ’ ಅಂದರು.

ಮೊದಲು ನಾನೂ ಮೊಬೈಲಿನಲ್ಲಿ ಸಿಕ್ಕ ಡಯಟ್ ಚಾರ್ಟ್ ಹಿಡಿದೆ. ಓಟ್ಸ್, ಆಲಿವ್ ಎಣ್ಣೆ, ಹಸಿ ತರಕಾರಿ. ಮನೆಯವರಿಗೆ ಒಂದು ಅಡುಗೆ, ನನಗೊಂದು. ಹನ್ನೊಂದನೇ ದಿನ ಒಲೆ ಮೇಲೆ ಅವರೆಕಾಳು ಬಸ್ಸಾರು. ‘ನೀನೊಬ್ಬಳೇ ಯಾಕಮ್ಮಾ ಆಸ್ಪತ್ರೆ ಊಟ ಮಾಡ್ತೀಯ’ ಅಂತ ಅತ್ತೆ ನನ್ನ ತಟ್ಟೆಗೂ ಮುದ್ದೆ ಇಟ್ಟರು. ಚಾರ್ಟು ಅಲ್ಲಿಗೆ ಮುಗಿಯಿತು.

ಆಮೇಲೆ ಒಂದು ವಾರ ಏನನ್ನೂ ಬಿಡಲಿಲ್ಲ. ತಿಂದದ್ದನ್ನೆಲ್ಲ ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ ಬರೆದೆ, ಅಷ್ಟೇ. ಕಳ್ಳ ಸಿಕ್ಕಿಬಿದ್ದದ್ದು ಕಾಫಿಯಲ್ಲಿ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ. ಚಮಚಕ್ಕೆ 4 ಗ್ರಾಂ ಅಂದರೂ 32 ಗ್ರಾಂ ಸಕ್ಕರೆ! ವಿಶ್ವ ಆರೋಗ್ಯ ಸಂಸ್ಥೆ 25 ಗ್ರಾಮಿನೊಳಗಿದ್ದರೆ ಒಳ್ಳೆಯದು ಅನ್ನುತ್ತದೆ. ಈಗ ಎರಡೇ ಲೋಟ, ಅರ್ಧರ್ಧ ಚಮಚ. ಪೂರ್ತಿ ಬಿಡೋಕೆ ಆಗಲಿಲ್ಲ, ಬಿಡುವ ಆಸೆಯೂ ಇಲ್ಲ.

ಊಟದಲ್ಲಿ ಬದಲಾದದ್ದು ಅಡುಗೆಯಲ್ಲ, ಬಡಿಸುವ ಅಳತೆ. ಬಸ್ಸಾರು ಗೊತ್ತಲ್ವಾ, ಕಾಳು-ಸೊಪ್ಪು ಬೇಯಿಸಿ ಬಸಿದು, ಆ ಕಟ್ಟಿನಲ್ಲಿ ಸಾರು ಮಾಡುತ್ತೇವೆ. ಬಸಿದ ಕಾಳು-ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ಮೊದಲು ದೊಡ್ಡ ಮುದ್ದೆ, ಅದರ ಮೇಲೆ ಅನ್ನ. ಪಲ್ಯ ತಟ್ಟೆಯ ಅಂಚಿನಲ್ಲಿ ಒಂದು ಚಮಚ. ಈಗ ಪಲ್ಯ ಅರ್ಧ ತಟ್ಟೆ, ಮುದ್ದೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಅನ್ನ ಒಂದು ಸೌಟು. ಪಾತ್ರೆ ಒಂದೇ ಆದ್ದರಿಂದ ಮನೆಯಲ್ಲಿ ಯಾರೂ ಗೊಣಗಲಿಲ್ಲ. ಸೊಪ್ಪು ಮಾತ್ರ ಎರಡು ಕಟ್ಟು ಜಾಸ್ತಿ ತರಬೇಕು. ಅದನ್ನು ಸೋಸುವ ಕೆಲಸ ಮಗನದು.

ರಾಗಿ ವಿಷಯದಲ್ಲಿ ಎಡವಿದೆ. ರಾಗಿ ಒಳ್ಳೆಯದು ಅಂತ ದಿನಾ ಬೆಳಿಗ್ಗೆ ಬೆಲ್ಲ ಹಾಕಿದ ಗಂಜಿ ಕುಡಿದೆ. ಎರಡು ಗಂಟೆ ಬಿಟ್ಟು ಮನೆಯ ಮೀಟರಿನಲ್ಲಿ ನೋಡಿದರೆ 182. ಸಣ್ಣ ಮುದ್ದೆ, ಹುರುಳಿಕಾಳು ಪಲ್ಯ ತಿಂದ ದಿನ 138. ನುಣ್ಣಗೆ ಬೀಸಿ ನೀರಾಗಿ ಬೇಯಿಸಿದ್ದು ಬೇಗ ಸಕ್ಕರೆಯಾಗುತ್ತದೆ, ಬೆಲ್ಲ ಬೇರೆ. ಗಂಜಿ ನಿಲ್ಲಿಸಿದೆ.

ಎಣ್ಣೆಗೆ ಚಮಚ ಹಿಡಿಯಲಿಲ್ಲ, ಪ್ಯಾಕೆಟ್ ಎಣಿಸಿದೆ. ನಾಲ್ಕು ಜನಕ್ಕೆ ತಿಂಗಳಿಗೆ ಐದು ಲೀಟರ್, ಅಂದರೆ ತಲೆಗೆ ದಿನಕ್ಕೆ ಸುಮಾರು 38 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಮಾದರಿ ತಟ್ಟೆಯಲ್ಲಿರುವುದು 27. ಈಗ ಮೂರೇ ಪ್ಯಾಕೆಟ್ ತರುತ್ತೇನೆ. ಮುಗಿದರೆ ತಿಂಗಳ ಕೊನೆಗೆ ಬೋಂಡ ಇಲ್ಲ.

ಯುಗಾದಿಗೆ ಎರಡು ಒಬ್ಬಟ್ಟು ತಿಂದೆ, ತುಪ್ಪ ಹಾಕಿಕೊಂಡೇ. ಮಾರನೇ ದಿನ ಉಪವಾಸ ಮಾಡಲಿಲ್ಲ, ಮಾಮೂಲಿ ಊಟ.

ಆರು ತಿಂಗಳಿಗೆ ಎಚ್‌ಬಿಎ1ಸಿ 5.8ಕ್ಕೆ ಇಳಿಯಿತು, ತೂಕ 71ರಿಂದ 67 ಕೆ.ಜಿ. ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಹೀಗೆ ತಾವೇ ಊಟ ಕಡಿಮೆ ಮಾಡಬೇಡಿ, ಸಕ್ಕರೆ ತೀರಾ ಇಳಿದುಬಿಡಬಹುದು. ಡಾಕ್ಟರನ್ನು ಕೇಳಿ.

ಇನ್ನೂ ಸರಿಹೋಗದಿರುವುದು ಸಂಜೆ ಐದರ ಹಸಿವು. ಸದ್ಯಕ್ಕೆ ಹುರಿದ ಕಡಲೆಕಾಯಿ ಒಂದು ಹಿಡಿ ಇಟ್ಟುಕೊಂಡಿದ್ದೇನೆ. ಹಿಡಿ ಕೆಲವು ದಿನ ದೊಡ್ಡದಾಗುತ್ತದೆ.